ಉಪ್ಪುಖಾರ ಉದುರಿಸಿದ ಟೊಮೆಟೊ

ರುಚಿ ನೋಡುವ ದಿನ ತಟ್ಟೆಗಳ ಮೇಲೆ ಉಪ್ಪು, ಖಾರದ ಪುಡಿ ಕಂಡಾಗಲೇ ನನಗೆ ಪಿತ್ತ ನೆತ್ತಿಗೇರಿತು. ಟೊಮೆಟೊ ಹೆಚ್ಚಿ ಯಾರ ಮುಂದಿಟ್ಟರೂ ಉಪ್ಪುಖಾರ ಉದುರಿಸಿಯೇ ಇಡುವುದು ನಮ್ಮ ಕಡೆಯ ಮರ್ಯಾದೆ. ಕ್ಯಾಂಟೀನಿನವರು ಆ ಮರ್ಯಾದೆಯನ್ನೇ ಮಾಡಿದ್ದರು. ಬಂದವರೆಲ್ಲ ಚಪ್ಪರಿಸಿ ತಿಂದು, ಎರಡೂ ತಳಿಗೆ ಒಂದೇ ಅಂಕ ಕೊಟ್ಟು, ಕೈ ತೊಳೆದುಕೊಂಡು ಹೋದರು. ಆ ಖಾರದಲ್ಲಿ ಸೋರೆಕಾಯಿ ಕೊಟ್ಟಿದ್ದರೂ ಚೆನ್ನಾಗಿದೆ ಅನ್ನುತ್ತಿದ್ದರು.

ನಾನು ಬಂಗಾರಪೇಟೆ ಹತ್ತಿರದ ಒಂದು ಬೀಜದ ಕಂಪನಿಯಲ್ಲಿ ಟೊಮೆಟೊದ ಹೊಸ ತಳಿ ಬೆಳೆಸುವವಳು. ಬೇಗ ಕೆಡದ ಹಣ್ಣು ಬೇಕೆಂದು ಎರಡು ತಳಿ ತಯಾರು ಮಾಡಿದ್ದೆವು. ಮೊದಲನೆಯದರಲ್ಲಿ ಹಣ್ಣನ್ನು ಮಾಗಿಸುವ ಜೀನೇ ಮಂದ. ಹಣ್ಣು ವಾರಗಟ್ಟಲೆ ಕಲ್ಲಿನಂತೆ ಇರುತ್ತದೆ, ನಿಜ. ಆದರೆ ಬಣ್ಣ, ವಾಸನೆ, ರುಚಿ ಎಲ್ಲಕ್ಕೂ ಆ ಜೀನೇ ಬೇಕು. ಅದು ಮಲಗಿದರೆ ಎಲ್ಲವೂ ಮಲಗುತ್ತವೆ. ಎರಡನೆಯದು ನನ್ನ ಹಟದ ಕೂಸು. ಅದರಲ್ಲಿ ಹಣ್ಣನ್ನು ಮೆತ್ತಗಾಗಿಸುವ ಜೀನು ಮಾತ್ರ ಸುಮ್ಮನಿದೆ. ಮಿಕ್ಕದ್ದೆಲ್ಲ ಮಾಮೂಲಿನಂತೆ ಮಾಗುತ್ತದೆ. ಮೊದಲನೆಯದಕ್ಕಿಂತ ಕೆಲವು ದಿನ ಕಡಿಮೆ ಬಾಳುತ್ತದೆ, ಅಷ್ಟೆ. ಎರಡರಲ್ಲಿ ಒಂದನ್ನೇ ಇಟ್ಟುಕೊಂಡು ಇನ್ನೊಂದನ್ನು ಕಿತ್ತೆಸೆಯುವುದೆಂದು ಮೊದಲೇ ತೀರ್ಮಾನವಾಗಿತ್ತು.

ರುಚಿಯಲ್ಲಿ ಎರಡೂ ಸಮ, ಹಾಗಾದರೆ ಹೆಚ್ಚು ಬಾಳುವುದೇ ಇರಲಿ ಎಂದರು ನಮ್ಮ ಮುಖ್ಯಸ್ಥರು. ನಾನು ಉಪ್ಪುಖಾರದ ಮಾತೆತ್ತಿದೆ. ಜನ ತಿನ್ನುವುದೇ ಹಾಗಲ್ಲವೇ ಎಂದು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಅಕ್ಕ ಬೆಳಗಿನ ರೈಲಿಗೆ ಬುಟ್ಟಿ ಹತ್ತಿಸಿಕೊಂಡು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ಗೆ ಹೋಗಿ, ಹಳೆಯ ತಮಿಳು ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಟೊಮೆಟೊ ಮಾರುತ್ತಾಳೆ. ಬೇಸಿಗೆಯಲ್ಲಿ ಮಿಕ್ಕ ಹಣ್ಣು ಮಾರನೆಯ ದಿನಕ್ಕೆ ನೀರೊಡೆಯುತ್ತದೆ. ಕೆಡದ ಹಣ್ಣಿಗಾಗಿ ಅವಳಷ್ಟು ಆಸೆಪಟ್ಟವರನ್ನು ನಾನು ಕಂಡಿಲ್ಲ. ಯಾವುದು ಯಾವ ತಳಿ ಎಂದು ಹೇಳದೆ ಅವಳಿಗೆ ಎರಡರದ್ದೂ ಒಂದೊಂದು ಬುಟ್ಟಿ ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಮೊದಲನೆಯ ತಳಿಯ ಬುಟ್ಟಿಯನ್ನು ತಂದು ನನ್ನ ಮುಂದೆ ಕುಕ್ಕಿದಳು. ಆ ಮನೆಗಳ ಹೆಂಗಸರು ಹುಣಸೆಹಣ್ಣು ಹಾಕದೆ ಬರೀ ಟೊಮೆಟೊದಲ್ಲೇ ರಸಂ ಕಾಯಿಸುವವರು. ಸಪ್ಪೆ ರಸಂ ಕುಡಿದು ತಮಿಳಿನಲ್ಲಿ ಅವಳ ಜನ್ಮ ಜಾಲಾಡಿದ್ದರಂತೆ.

"ಕೊಳ್ತ್ ಓದ್ರೆ ತಿಪ್ಪೆಗೆ ಸುರೀತೀನಿ ಕಣೇ," ಎಂದಳು ಅಕ್ಕ. "ಇಂಥ ಅಣ್ಣು ಮಾರಿ ಆ ಮನೆಗಳ ಮುಂದೆ ಯಾವ್ ಮೊಕ ಇಟ್ಕೊಂಡು ನಿಂತ್ಕೊಳ್ಲಿ? ಇನ್ನೊಂದು ಬುಟ್ಟೀದು ಕೆಡ್ಲೂ ಇಲ್ಲ, ರುಚೀನೂ ಐತೆ. ಅದು ಕೊಡು."

ಮಾರನೆಯ ದಿನ ಕ್ಯಾಂಟೀನಿನಲ್ಲಿ ನಾನೇ ನಿಂತು, ಎರಡು ಪಾತ್ರೆಯಲ್ಲಿ ಎರಡು ತಳಿಯ ರಸಂ ಕಾಯಿಸಿದೆ. ಹುಣಸೆಹಣ್ಣು ಇಲ್ಲ, ಖಾರ ನೆಪಕ್ಕೆ. ಎರಡು ಲೋಟ ಒಯ್ದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಮೊದಲನೆಯದನ್ನು ಒಂದು ಗುಟುಕು ಕುಡಿದು ಪಕ್ಕಕ್ಕೆ ಸರಿಸಿದರು. ಎರಡನೆಯದನ್ನು ತಳ ಕಾಣುವವರೆಗೆ ಕುಡಿದು ಇನ್ನೊಂದು ಲೋಟ ಕೇಳಿದರು. ಗೆದ್ದೆ ಅಂದುಕೊಂಡೆ, ಪೆದ್ದಿ.

"ಬೇಜಾರು ಮಾಡ್ಕೋಬೇಡಿ," ಎಂದರು. "ಲಾರೀಲಿ ದೂರದ ಊರಿಗೆ ಕಳಿಸೋಕೆ ಮೊದಲನೆಯದೇ ಸರಿ. ಎರಡನೇದರ ಗಿಡ ಕೀಳಿಸೋ ಮುಂಚೆ ಒಂದು ಕ್ರೇಟ್ ಹಣ್ಣು ನಮ್ಮನೆಗೆ ಕಳಿಸಿ."

ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಲೋಟಗಳನ್ನು ಎತ್ತಿಕೊಂಡು ಹೊರಗೆ ಬಂದೆ. ಮರುದಿನ ಆಳುಗಳು ಗಿಡ ಕೀಳುವ ಮೊದಲೇ ನನ್ನ ತಳಿಯ ಹಣ್ಣನ್ನೆಲ್ಲ ಬಿಡಿಸಿ ಅಕ್ಕನಿಗೆ ಕಳಿಸಿದೆ. ಸಂಜೆ ಮುಖ್ಯಸ್ಥರ ಡ್ರೈವರ್ ಬಂದ. ಅವನ ಗಾಡಿಗೆ ಮೊದಲನೆಯ ತಳಿಯದ್ದೇ ಒಂದು ಕ್ರೇಟ್ ಹೊರಿಸಿದೆ. ಊರಿಗೆಲ್ಲ ತಿನ್ನಿಸಲು ಅವರೇ ಆರಿಸಿದ ಹಣ್ಣು, ಅವರೂ ತಿನ್ನಲಿ.