ಸುಮ್ಮನಿದ್ದವಳ ಮತ

ಕುಲಗೋಡದ ನನ್ನ ಅಕ್ಕನಿಗೆ ಕಣ್ಣು ಹೋಗಿ ಆರು ವರ್ಷವಾಯಿತು. ಅವಳ ಮೊಬೈಲಿನಲ್ಲಿ ಒಂದು ಆ್ಯಪ್ ಇದೆ. ಪುಸ್ತಕದ ಪುಟಕ್ಕೆ ಕ್ಯಾಮೆರಾ ಹಿಡಿದರೆ ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತದೆ. ಅವಳ ಹೊಲದ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದರೂ ಓದುತ್ತದೆ. ದನಿ ಮಾತ್ರ ಸ್ವಲ್ಪ ಮೂಗಿನದು. ಅಕ್ಕ ಅದನ್ನು ನೆಗಡಿ ಮಾಸ್ತರ ಎಂದು ಕರೆಯುತ್ತಾಳೆ. ಬೆಳಿಗ್ಗೆ ಎದ್ದು ಹಣೆಗೆ ಇಬತ್ತಿ ಹಚ್ಚಿಕೊಂಡ ಮೇಲೆ ವಚನಗಳನ್ನು ಅವನಿಂದಲೇ ಓದಿಸಿಕೊಳ್ಳುತ್ತಾಳೆ.

ಆ ಆ್ಯಪ್ ಓಪನ್ ಸೋರ್ಸ್. ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ತಿದ್ದಬಹುದು, ಒಯ್ದು ಬೇರೆಯಾಗಿ ಕಟ್ಟಿಕೊಳ್ಳಬಹುದು. ಇದನ್ನು ನನಗೆ ತಿಳಿಸಿ ಹೇಳಿದವಳು ಹುಕ್ಕೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿ. ಆ್ಯಪ್‌ನ ಹೆಲ್ಪ್ ಪುಟಗಳನ್ನೆಲ್ಲ ನನ್ನಿಂದ ಕನ್ನಡಕ್ಕೆ ಮಾಡಿಸಿದವಳೂ ಅವಳೇ. ಗೋಕಾಕದಲ್ಲಿ ರಿಟೈರಾಗಿ ಕುಳಿತ ಇಂಗ್ಲಿಷ್ ಟೀಚರಿಗೆ ಬೇರೇನು ಕೆಲಸ? ಎರಡು ವರ್ಷ ಮಾಡಿದೆ. ಆಮೇಲೆ ಪ್ರಾಜೆಕ್ಟಿನ ಕೌನ್ಸಿಲ್‌ಗೆ ನನ್ನನ್ನು ಆರಿಸಿದರು. ಐದು ಸೀಟು. ನಾಲ್ಕು, ಪ್ರಾಜೆಕ್ಟನ್ನು ನಡೆಸುವ ಕಂಪನಿಯವು. ಒಂದು, ನಮ್ಮಂಥ ಬಿಟ್ಟಿ ದುಡಿಯುವವರದು. ಆ ಒಂದು ನಾನು.

ಕಳೆದ ವರ್ಷ ಕೌನ್ಸಿಲಿನ ಮೇಲ್ ಬಂತು. ನೆಟ್ ಇಲ್ಲದೆ ಓದುವ ದನಿಗಳನ್ನು ತೆಗೆದುಹಾಕಿ, ಇನ್ನು ಮುಂದೆ ಎಲ್ಲವನ್ನೂ ಕಂಪನಿಯ ಸರ್ವರಿನಿಂದಲೇ ಓದಿಸುವ ಪ್ರಪೋಸಲ್. ನನಗೆ ಮೈ ಉರಿಯಿತು. ಉತ್ತರ ಬರೆಯಲಿಲ್ಲ.

ನಮ್ಮ ಕಡೆ ಹೆಣ್ಣು ನೋಡಿ ಹೋದವರಿಗೆ ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಸುದ್ದಿ ಕಳಿಸುವುದಿಲ್ಲ, ಅಷ್ಟೆ. ಎಂಟು ದಿನ ಕಾದು ಹೆಣ್ಣಿನ ಮನೆಯವರು ತಾವೇ ತಿಳಿದುಕೊಳ್ಳುತ್ತಾರೆ. ಕಾನ್ವೆಂಟಿನ ಸಿಸ್ಟರುಗಳೂ ಇದನ್ನೇ ಪಾಲಿಶ್ ಮಾಡಿ ಕಲಿಸಿದ್ದರು: ಲೇಡಿಯಾದವಳು ಆರ್ಗ್ಯೂ ಮಾಡುವುದಿಲ್ಲ. ಆ ಉದ್ದನೆಯ ಕಾರಿಡಾರ್, ಫಿನಾಯಿಲ್ ವಾಸನೆ, ಯಾರೋ ತಪ್ಪುತಪ್ಪಾಗಿ ನುಡಿಸುತ್ತಿದ್ದ ಪಿಯಾನೋ ಈಗಲೂ ಕೆಲವು ಮಧ್ಯಾಹ್ನ ನನ್ನನ್ನು ಕರೆಯುತ್ತವೆ. ಆದರೆ ಅಲ್ಲಿ ಕಲಿತದ್ದೆಲ್ಲ ಕೆಲಸಕ್ಕೆ ಬರುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ನನಗೆ ಎಪ್ಪತ್ತೊಂದು.

ನಾಲ್ಕನೆಯ ದಿನ ಹುಕ್ಕೇರಿಯಿಂದ ಫೋನು.

"ಮೇಡಂ, ನೀವು ಅದಕ್ಕ ಹೂಂ ಅಂದ್ರೇನ್ರಿ?"

"ನಾ ಯಾವಾಗ ಅಂದ್ನವಾ? ತುಟಿ ಪಿಟಕ್ ಅಂದಿಲ್ಲ."

"ಅದ ತಪ್ಪಾತ್ ನೋಡ್ರಿ. ಇಲ್ಲಿ ರೂಲ್ ಹಂಗೈತಿ. ಮೂರು ದಿನದಾಗ ಯಾರೂ ಬ್ಯಾಡ ಅನ್ಲಿಲ್ಲಂದ್ರ ಎಲ್ಲಾರೂ ಒಪ್ಪಿದಂಗ."

"ಹಂಗಾರ ಇಲ್ಲಿ ಸತ್ತವರ್ದೂ ವೋಟ್ ನಡೀತೈತಿ ಅನ್ನು!"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕನ ಬೆಳಗನ್ನು ನಾನೇ ಕೈಯಾರೆ ಕಂಪನಿಗೆ ಬರೆದುಕೊಟ್ಟ ಹಾಗಾಗಿತ್ತು.

ಪ್ರಾಜೆಕ್ಟಿನ ನಿಯಮಾವಳಿಯನ್ನು ಪ್ರಿಂಟ್ ಮಾಡಿಸಿ ತಂದು, ಉತ್ತರಪತ್ರಿಕೆ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು ಕುಳಿತೆ. ಒಂದು ಕಡೆ ಸಿಕ್ಕಿತು: ಬಳಸುವವರ ಕೈಯಿಂದ ಇದ್ದ ಸೌಲಭ್ಯ ಕಿತ್ತುಕೊಳ್ಳುವ ಯಾವುದೇ ತೀರ್ಮಾನಕ್ಕೆ ಆ ಮೂರು ದಿನದ ರೂಲ್ ಸಾಲದು, ಮೀಟಿಂಗಿನಲ್ಲಿ ಮತ ಹಾಕಲೇಬೇಕು. ಅದನ್ನೇ ಬರೆದು ಕಳಿಸಿದೆ. ಮೀಟಿಂಗ್ ಕರೆಯಬೇಕಾಯಿತು.

ಸ್ಕ್ರೀನಿನಲ್ಲಿ ಕಂಪನಿಯ ನಾಲ್ವರು. ಚೇರ್ಮನ್ ಬಹಳ ನಯವಾದ ಮನುಷ್ಯ. ಮತ ಹಾಕಿದೆವು. ನಾಲ್ಕಕ್ಕೆ ಒಂದು. ಸೋತೆ, ಸೋಲುತ್ತೇನೆಂದು ಗೊತ್ತೂ ಇತ್ತು. ಆಮೇಲೆ ಚೇರ್ಮನ್, "ಮೇಡಂ, ಹೇಗೂ ತೀರ್ಮಾನ ಆಯಿತಲ್ಲ, ಸರ್ವಾನುಮತ ಅಂತ ಬರೆದುಕೊಳ್ಳೋಣವೇ? ಹೊರಗಿನವರಿಗೆ ಚೆನ್ನಾಗಿ ಕಾಣುತ್ತೆ" ಎಂದರು.

"ನೋ," ಎಂದೆ. "ಒಬ್ಬ ಮುದುಕಿ ಬೇಡ ಅಂದಳು ಅಂತ ಬರೆಯಿರಿ. ಕಾರಣವನ್ನೂ ಬರೆಯಿರಿ. ನಾನು ನಿಧಾನವಾಗಿ ಡಿಕ್ಟೇಟ್ ಮಾಡುತ್ತೇನೆ."

ಡಿಕ್ಟೇಟ್ ಮಾಡಿದೆ. ಕಾಮಾ ಸಹಿತ.

ಆ್ಯಪ್‌ನ ಹೆಸರು, ಲೋಗೋ ಕಂಪನಿಯವು. ಕೋಡ್ ಅಲ್ಲ. ದನಿ ತೆಗೆಯುವ ಮೊದಲಿನ ಕೋಡನ್ನು ಹುಕ್ಕೇರಿಯವಳು ಹಾಗೇ ಎತ್ತಿಕೊಂಡು ಬೇರೆ ಹೆಸರಿನಲ್ಲಿ ಕಟ್ಟಿದಳು. ಹೊಸ ಫೋನುಗಳು ಬಂದ ಹಾಗೆ ಅದು ಕೆಡುತ್ತಲೇ ಇರುತ್ತದೆ, ಅವಳು ರಿಪೇರಿ ಮಾಡುತ್ತಲೇ ಇರಬೇಕು. ಮೂಡಲಗಿಯ ಕಣ್ಣಿಲ್ಲದ ಇಬ್ಬರು ಕೇಳಿ ಹಾಕಿಸಿಕೊಂಡಿದ್ದಾರೆ. ಅಕ್ಕನ ಫೋನಿಗೆ ಹಾಕಲು ನಾವಿಬ್ಬರೂ ಬಸ್ಸಿನಲ್ಲಿ ಕುಲಗೋಡಕ್ಕೆ ಹೋದೆವು.

"ಕೊಟ್ರೇನ ಮಾಸ್ತರನ್ನ ವಾಪಸ್?" ಅಕ್ಕ ಕೇಳಿದಳು.

"ಕೊಡ್ಲಿಲ್ಲ. ನಾವ ತಗೊಂಡ್ ಬಂದ್ವಿ."

"ಅಯ್ಯ, ಕಳುವೇನಬೇ? ಈ ವಯಸ್ಸಿನಾಗ?"

"ಕಳುವಲ್ರೀ ಆಯಿ," ಹುಕ್ಕೇರಿಯವಳು ಹೇಳಿದಳು, "ತಗೊಳಾಕ ಹಕ್ಕೈತಿ ಅಂತ ಅವ್ರ ಬರದಾರ."

"ಮತ್ತ ನಮ್ಮ ತಂಗೀನ್ನ ಅಲ್ಲಿಂದ ಎಬ್ಬಸೂದಿಲ್ಲೇನ?"

ಅಕ್ಕ ಊಹಿಸಿದ್ದು ಖರೆಯಾಯಿತು. ಹದಿನೈದು ದಿನದಲ್ಲಿ ಚೇರ್ಮನ್ನರ ಪತ್ರ: ಬೇರೆ ಪ್ರಾಜೆಕ್ಟ್ ಕಟ್ಟಿಕೊಂಡವರು ಗೌರವದಿಂದ ಕೌನ್ಸಿಲಿನ ಸೀಟು ಬಿಡುವುದು ಒಳ್ಳೆಯದಲ್ಲವೇ? ನಿಯಮಾವಳಿ ಮತ್ತೆ ತಿರುವಿದೆ. ಹಾಗೆಂದು ಎಲ್ಲಿಯೂ ಇಲ್ಲ. ಅದೇ ದಿನ ಉತ್ತರ ಬರೆದೆ: ನನ್ನನ್ನು ಆರಿಸಿದ್ದು ಎರಡು ವರ್ಷಕ್ಕೆ, ಇನ್ನೂ ಹನ್ನೊಂದು ತಿಂಗಳು ಉಳಿದಿವೆ, ಗುರುವಾರದ ಮೀಟಿಂಗಿನ ಲಿಂಕ್ ಕಳಿಸಿರಿ.