ಮೊದಲು ನಿಲ್ಲೋದು, ಆಮೇಲೆ ಓಡೋದು

ಹೋದ ವಾರ ಅಮೆರಿಕದಲ್ಲಿ ನಾನೀಗಿರುವ ಫ್ಲೂಗರ್‌ವಿಲ್‌ನ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿನ ಬ್ರೇಕ್ ಪ್ಯಾಡ್ ಬದಲಾಯಿಸಲು ಕೊಟ್ಟು ಕೂತಿದ್ದೆ. ಬಾಗಿಲ ಸಂದಿಯಿಂದ ಬ್ರೇಕ್ ಎಣ್ಣೆಯ ವಾಸನೆ ಬಂತು. ಹಳೆಯ ಹರಳೆಣ್ಣೆಗೆ ಯಾರೋ ಸ್ಪಿರಿಟ್ ಬೆರೆಸಿದಂಥ ವಾಸನೆ. ಪಕ್ಕದವರು ಆರಾಮಾಗಿ ಕಾಫಿ ಹೀರುತ್ತಿದ್ದರು. ನಾನು ಎದ್ದು ಹೊರಗೆ ಬಿಸಿಲಲ್ಲಿ ನಿಂತೆ. ನನ್ನ ಪಾಲಿಗೆ ಅದು ಎಣ್ಣೆಯ ವಾಸನೆಯಲ್ಲ, ಅಂಕಲ್ ಅಂಗೈಯ ವಾಸನೆ...

ಹ್ಯೂಸ್ಟನ್‌ನಲ್ಲಿ ಎಂ.ಎಸ್. ಓದುವಾಗ ಪ್ರತಿ ಶನಿವಾರ ಪಕ್ಕದ ಶುಗರ್ ಲ್ಯಾಂಡ್‌ನ ಅವರ ಮನೆಗೆ ಹೋಗುತ್ತಿದ್ದೆ. ಆಂಟಿಯ ಜೋಳದ ರೊಟ್ಟಿಗಾಗಿ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅರ್ಧ ನಿಜ. ಉಳಿದರ್ಧ ಗ್ಯಾರೇಜಿನಲ್ಲಿತ್ತು. ಕನ್ನಡ ಕೂಟದಲ್ಲಿ ಪರಿಚಯವಾದ ಅಂಕಲ್ ಗದಗದ ಕಡೆಯವರು, ತೈಲ ಕಂಪನಿಯಿಂದ ನಿವೃತ್ತರಾದ ಎಂಜಿನಿಯರ್. ಅರವತ್ತರ ದಶಕದ ಒಂದು ಅಮೆರಿಕನ್ ಕಾರು ಕೊಂಡಿದ್ದರು. ಎರಡೇ ಬಾಗಿಲು, ಮಂಚದಷ್ಟು ದೊಡ್ಡ ಬಾನೆಟ್ಟು. ಅದು ಚಕ್ರ ಕಳಚಿಕೊಂಡು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿತ್ತು.

ಇಂಥ ಕಾರು ಕೊಂಡವರೆಲ್ಲ ಮೊದಲು ದೊಡ್ಡ ಎಂಜಿನ್ ಹಾಕಿಸುತ್ತಾರಂತೆ. ಅಂಕಲ್ ಲೆಕ್ಕ ಉಲ್ಟಾ. ಮೊದಲು ಬ್ರೇಕ್ ಮತ್ತು ಕುಲುಕಾಟ ತಡೆಯುವ ಸಸ್ಪೆನ್ಷನ್, ಕೊನೆಗೆ ಎಂಜಿನ್. "ಹಳೇ ಡ್ರಮ್ ಬ್ರೇಕ್ ಅಂದ್ರ ಹೆಂಗಪಾ ಅಂದ್ರ, ನಾಲ್ಕ್ ಸಲ ಜೋರ್ ಒತ್ತಿದ್ರ ಕಾದು ಕೈಬಿಡ್ತಾವ. ಮೊದ್ಲ ನಿಂದ್ರೂದು ಕಲೀಬೇಕು ತಮ್ಮಾ, ಆಮ್ಯಾಲ ಓಡೂದು," ಅನ್ನುತ್ತಿದ್ದರು. ಸ್ಪ್ರಿಂಗು, ರಬ್ಬರ್ ಬುಷ್ಷುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ತೊಳೆದು, ಉಗುರಿಂದ ಒತ್ತಿ ನೋಡಿ, ಹೊಸದು ಕೂರಿಸುತ್ತಿದ್ದರು. ಒಂದು ಶನಿವಾರಕ್ಕೆ ಒಂದೇ ಬುಷ್ಷು. ಮದುವೆಗೆ ಹೆಣ್ಣು ನೋಡಿದವರೂ ಅಷ್ಟು ನಿಧಾನ ಮಾಡಿರಲಾರರು.

ನಾನೋ, ಬಾಯಿ ಬಿಟ್ಟರೆ ಇನ್ನೊಬ್ಬರ ದನಿ. ಮೈಸೂರಿನ ನಮ್ಮತ್ತೆ, ನನ್ನ ಪ್ರೊಫೆಸರು, ಏರ್‌ಪೋರ್ಟಿನಲ್ಲಿ ವೀಸಾ ನೋಡಿ ಹುಬ್ಬೇರಿಸುವಾತ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನಿನ್ನ ಸ್ವಂತ ದನಿ ಯಾವುದಪ್ಪ ಅಂದರೆ ಮಾತ್ರ ಸ್ವಲ್ಪ ಟೈಮ್ ಕೇಳುತ್ತಿದ್ದೆ.

ಆ ವರ್ಷ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಮಿಮಿಕ್ರಿಗೆ ಅಂಕಲ್‌ರನ್ನು ಎತ್ತಿಕೊಂಡೆ. ಪಂಚೆ ಮೇಲಕ್ಕೆ ಕಟ್ಟಿ, ಸ್ಪ್ಯಾನರ್ ಹಿಡಿದು, ಅವರದೇ ದನಿಯಲ್ಲಿ, "ನಾಕ್ ವರ್ಷ ಆತ್ರಿ, ನನ್ ಗಾಡಿ ನಿಂದ್ರೂದು ಕಲ್ಯಾಕ್ ಹತ್ತೇತಿ. ನಿಂದ್ರೂದ್ರಾಗ ಅದಕ್ ಪಿಎಚ್‌ಡಿ ಬಂದೇತಿ!" ಅಂದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ಕೈ ಮಾತ್ರ ಕರ್ಚೀಫನ್ನು ಮಡಿಸುತ್ತಲೇ ಇತ್ತು. ಅದು ನನಗೆ ಸ್ಟೇಜಿನಿಂದಲೇ ಕಂಡಿತ್ತು... ಮುಂದಿನ ಜೋಕಿಗೆ ಹೋದೆ.

ಅಲ್ಲಿಂದ ಎಲ್ಲಿ ಸಿಕ್ಕರೂ ಜನ ಬಿಡಲಿಲ್ಲ. ದೇವಸ್ಥಾನದ ಊಟದ ಸಾಲಿನಲ್ಲೂ "ಏನ್ ಅಂಕಲ್, ಪಿಎಚ್‌ಡಿ ಮುಗೀತಾ?" ಎಂದು ಕೇಳುವವರು.

ಬೇಸಿಗೆಯಲ್ಲಿ ಒಂದು ಶನಿವಾರ ಹೋದಾಗ ಗ್ಯಾರೇಜಿನ ನಡುವೆ ಹೊಸ ಎಂಜಿನ್ ಸರಪಳಿಯಲ್ಲಿ ತೂಗುತ್ತಿತ್ತು. ಹಳೆಯ ಡ್ರಮ್ಮುಗಳ ಬದಲು ಹಾಕಲು ತರಿಸಿದ್ದ ಡಿಸ್ಕ್ ಬ್ರೇಕಿನ ಪೆಟ್ಟಿಗೆ ಟೇಪು ಕೂಡ ಬಿಚ್ಚದೆ ಬೆಂಚಿನ ಕೆಳಗೆ ಬಿದ್ದಿತ್ತು.

"ಅಂಕಲ್, ಬ್ರೇಕ್ ಹಾಕಲ್ವಾ?"

"ಹಳೇವ್ರಾಗ ಇನ್ನೂ ಜೀವ ಐತಿ ತಗೋ. ದೀಪಾವಳಿಗೆ ಕೂಟದ ಹಾಲ್ ಮುಂದ ತಂದು ನಿಲ್ಲಸ್ತೀನಿ. ಮಂದಿ ನೋಡ್ಲಿ."

ತಪ್ಪು ಅಂತ ನನಗೆ ಗೊತ್ತಿತ್ತು. ಗೊತ್ತು ಮಾಡಿಸಿದವರೇ ಅವರು. 'ಬೇಡ ಅಂಕಲ್, ನನ್ನಿಂದ ತಪ್ಪಾಯ್ತು' ಅನ್ನಬೇಕಿತ್ತು. ಅನ್ನಲು ನನ್ನ ಸ್ವಂತ ದನಿ ಬೇಕಿತ್ತು. ನಾನು ಸೊಂಟದ ಮೇಲೆ ಕೈಯಿಟ್ಟು, ಕತ್ತು ಓರೆ ಮಾಡಿ, ಅವರ ದನಿಯಲ್ಲೇ, "ಮೊದ್ಲ ನಿಂದ್ರೂದು ಕಲೀಬೇಕು ತಮ್ಮಾ!" ಅಂದೆ.

ಅವರು ಈ ಸಲ ನಗಲಿಲ್ಲ. "ಸಾಕ್ ಬಿಡಪಾ," ಅಂದು ಬೆನ್ನು ತಿರುಗಿಸಿ ಸರಪಳಿ ಎಳೆದರು. ನಾನು ಒಳಗೆ ಹೋಗಿ ರೊಟ್ಟಿ ತಿಂದೆ.

ದೀಪಾವಳಿ ಕಾರ್ಯಕ್ರಮದ ದಿನ ಆಂಟಿ ಹೋಳಿಗೆ ಡಬ್ಬಿಗಳ ಜೊತೆ ಗೆಳತಿಯ ಕಾರಿನಲ್ಲಿ ಮುಂಚೆಯೇ ಬಂದಿದ್ದರು. ಅಂಕಲ್ ಕಾರಿಗೆಂದು ಹಾಲ್ ಬಾಗಿಲೆದುರು ಎರಡು ಕಿತ್ತಳೆ ಕೋನ್ ಇಟ್ಟು ಜಾಗ ಹಿಡಿದಿದ್ದೆವು. ನಾನು ಮೈಕ್ ಟೆಸ್ಟ್ ಮಾಡುತ್ತ, ಬರಲಿರುವ ಎಂಜಿನ್ನಿನ ಸದ್ದನ್ನು ಬಾಯಲ್ಲೇ ಹೊರಡಿಸಿ ನಗಿಸುತ್ತಿದ್ದೆ. ಅಂಕಲ್ ಫ್ರೀವೇ ಇಳಿದು ಬರುವಾಗ ಸಿಗ್ನಲ್ಲಿನಲ್ಲಿ ಲಾರಿಯೊಂದು ನಿಂತಿತ್ತು. ಕಾರು ನಿಲ್ಲಲಿಲ್ಲ. ಪೆಡಲ್ಲು ನೆಲದವರೆಗೂ ಇಳಿದಿರಬೇಕು, ಅವರೇ ನನಗೆ ಹೇಳಿಕೊಟ್ಟ ಹಾಗೆ... ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾರನೇ ದಿನ ನೋಡಿದರೆ ಕೋನ್‌ಗಳು ಹಾಗೇ ಇದ್ದವು.

ಆಂಟಿ ಮನೆ ಮಾರಿ, ಡಲ್ಲಸ್ ಪಕ್ಕದ ಲಾಸ್ ಕೊಲಿನಾಸ್ ಹತ್ತಿರ ಮಗಳ ಮನೆಗೆ ಶಿಫ್ಟ್ ಆದರು. ಹೋಗಲು ನನಗೆ ಒಂದು ವರ್ಷ ಹಿಡಿಯಿತು. ತಪ್ಪೊಪ್ಪಿಕೊಳ್ಳಲೆಂದೇ ಹ್ಯೂಸ್ಟನ್‌ನಿಂದ ಡಲ್ಲಸ್‌ವರೆಗೆ ಡ್ರೈವ್ ಮಾಡಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಆಂಟಿ ಒಲೆಯ ಕಡೆ ಮುಖ ಮಾಡಿ ಚಹಾ ಮಾಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಒಂದ್ ಸಲ ಅವರಂಗ ಮಾತಾಡಪಾ. ಫೋನಿನ್ಯಾಗೂ ಅವರ ದನಿ ಉಳಿದಿಲ್ಲ," ಅಂದರು.

ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂತು, ಸಲೀಸಾಗಿ. "ಏ, ಚಾ ಆತೇನು?"

"ಆತ್ ತಡೀರಿ, ತಂದ್ನಿ," ಅಂದರು ಆಂಟಿ, ತಿರುಗದೆಯೇ.

ಆಮೇಲೆ ಅವರ ಕೈಯಲ್ಲಿದ್ದ ಚಮಚ ನಿಂತಿತು. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಜೋಡಿಸಿಕೊಂಡು ಹೋಗಿದ್ದ ಮಾತು ಅಲ್ಲೇ ಉಳಿಯಿತು. ಹೊರಡುವಾಗ ಆಂಟಿ ಆ ಬ್ರೇಕಿನ ಪೆಟ್ಟಿಗೆ ತಂದು, "ನಿನಗ ಇವೆಲ್ಲ ತಿಳೀತಾವ, ನೀ ಇಟ್ಕೋ," ಅಂದರು. ಬೇಡ ಅನ್ನಲಾಗಲಿಲ್ಲ. ಈಗ ಅದು ನನ್ನ ಅಪಾರ್ಟ್‌ಮೆಂಟಿನ ಕಪಾಟಿನಲ್ಲಿದೆ. ನನ್ನ ಯಾವ ಕಾರಿಗೂ ಕೂರುವುದಿಲ್ಲ. ಟೇಪು ಬಿಚ್ಚಿಲ್ಲ.

ಹೋದ ವಾರ ಗ್ಯಾರೇಜಿನವನು ಕೀಲಿ ಕೊಟ್ಟು, ಬ್ರೇಕ್ ಹೊಸದರಂತಾಗಿದೆ ಅಂದ. ಮೊದಲ ಸಿಗ್ನಲ್ಲಿನಲ್ಲಿ ಒತ್ತಿದೆ. ಕಾರು ಗೆರೆಯ ಹಿಂದೆ ಸದ್ದಿಲ್ಲದೆ ನಿಂತಿತು. ಹಸಿರು ಬಂತು, ಹೋಯಿತು. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ನನಗೆ ಬ್ರೇಕಿನಿಂದ ಕಾಲೆತ್ತಲು ಆಗಲಿಲ್ಲ...