ಬಟ್ಟೆ ಕೋಣೆಯ ಮೇಡಂ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಚಾದರ ಮಡಚಿದವಳು ಏಕಾಏಕಿ ಸೂಪರ್‌ವೈಸರ್ ಆದಳು. ಹಿಂದಿನ ಸೂಪರ್‌ವೈಸರ್ ನಿವೃತ್ತನಾಗಿದ್ದ. ಅವನಿಗೆ ಹೆಂಗಸರು ಇಟ್ಟಿದ್ದ ಹೆಸರು ಗುಡುಗಪ್ಪ. ಅವನು ಬಾಯಿ ತೆರೆದರೆ ಒಗೆಯುವ ಯಂತ್ರಗಳ ಸದ್ದೂ ಅಡಗುತ್ತಿತ್ತು. ಅವನ ಬೈಗುಳ ತಿಂದು ಬಾತ್‌ರೂಮಿನಲ್ಲಿ ಅತ್ತವರಲ್ಲಿ ಅವಳೂ ಒಬ್ಬಳು. ಆದರೆ ಯಜಮಾನಿಕೆ ಎಂದರೆ ಹೇಗಿರುತ್ತದೆಂದು ಅವಳು ಕಂಡದ್ದು ಅವನೊಬ್ಬನಲ್ಲೇ.

ಮೊದಮೊದಲು ಯಾರೂ ಅವಳ ಮಾತಿಗೆ ಕಿವಿಗೊಡಲಿಲ್ಲ. "ಏನೇ, ಕುರ್ಚಿ ಸಿಕ್ತು ಅಂತ ಕೋಡು ಬಂತಾ?" ಎಂದು ನಕ್ಕರು. ಚಾದರ ಬಂದಿಲ್ಲವೆಂದು ವಾರ್ಡುಗಳಿಂದ ಫೋನಿನ ಮೇಲೆ ಫೋನು. ಮ್ಯಾನೇಜರ್ ಕರೆದು, "ಇನ್ನೂ ಅವರ ಗೆಳತಿಯಾಗೇ ಇದ್ರೆ ಆಗಲ್ಲಮ್ಮ. ಸ್ವಲ್ಪ ಬಿಗಿ ಮಾಡಿ" ಎಂದರು. ಮರುದಿನ ಅವಳ ಗಂಟಲಿನಿಂದ ಗುಡುಗಪ್ಪನ ದನಿಯೇ ಹೊರಟಿತು, ಪದಗಳೂ ಅವನವೇ. ಕೆಲಸ ಸರಸರ ಸಾಗಿತು. ಅಂದು ಸಂಜೆ ಮನೆಯಲ್ಲಿ ಮಗಳು ಲೋಟ ಬೀಳಿಸಿದಾಗಲೂ ಅದೇ ದನಿ. "ಇಲ್ಲಿ ಹಾಜರಿ ಯಾರ ಹತ್ರ ಹಾಕಿಸ್ಬೇಕು, ಸಾಹೇಬ್ರೇ?" ಎಂದು ಗಂಡ ತಮಾಷೆ ಮಾಡಿದ. ಯಾರಿಗೂ ನಗು ಬರಲಿಲ್ಲ.

ಅವಳಿಗೆ ಕೆಲಸ ಕಲಿಸಿದವಳು ಇಸ್ತ್ರಿ ಯಂತ್ರದ ಬಿಸಿ ರೋಲರಿಗೆ ಚಾದರ ಒಡ್ಡುವ ದೊಡ್ಡಕ್ಕ. ರೋಲರಿನ ಮುಂದೆ, ಕೈ ಒಳಗೆ ಹೋಗದಂತೆ ತಡೆಯುವ ಪಟ್ಟಿಯೊಂದಿತ್ತು. ಅದು ಸಡಿಲವಾಗಿದ್ದುದು ಇವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಇವಳು, "ಇವತ್ತು ಯಾರಾದ್ರೂ ಯಂತ್ರ ನಿಲ್ಲಿಸಿದ್ರೆ ನೆಟ್ಟಗಿರಲ್ಲ!" ಎಂದು ಕೂಗಿ ಹೋದಳು. ಮಧ್ಯಾಹ್ನ ಬಂದು ನೋಡಿದರೆ ದೊಡ್ಡಕ್ಕ ಎಡಗೈಯೊಂದರಲ್ಲೇ ಚಾದರ ಒಡ್ಡುತ್ತಿದ್ದಾಳೆ. ಬಲಗೈಗೆ ಒದ್ದೆ ಟವೆಲ್ ಸುತ್ತಿದೆ.

"ಏನಾಯ್ತಕ್ಕ?"

"ಏನಿಲ್ಲ, ಮೇಡಂ."

ಇವಳೇ ಟವೆಲ್ ಬಿಚ್ಚಿದಳು. ಅಂಗೈಯ ಚರ್ಮ ಸುಲಿದು ಬಂದಿತ್ತು. ರೋಲರಿನ ಮುಂದಿನ ಪಟ್ಟಿ ಮುಟ್ಟಿ ನೋಡಿದಳು, ಅದು ಅಲ್ಲಾಡಿತು.

"ಪಟ್ಟಿ ಸಡಿಲ ಆಗಿದೆ ಅಂತ ನನಗ್ಯಾಕೆ ಹೇಳಲಿಲ್ಲ?"

ದೊಡ್ಡಕ್ಕ ಹಲ್ಲು ಕಚ್ಚಿಕೊಂಡೇ ಹೇಳಿದಳು: "ಹೇಳೋಕೆ ನೀನೆಲ್ಲಿದ್ದೆ? ಇಲ್ಲಿ ಇದ್ದಿದ್ದು ಗುಡುಗಪ್ಪ."

ಅವಳು ಯಂತ್ರ ನಿಲ್ಲಿಸಿ, ದೊಡ್ಡಕ್ಕನನ್ನು ಮೇಲಿನ ವಾರ್ಡಿಗೆ ಕರೆದೊಯ್ದಳು. ಇಳಿದು ಬರುವಷ್ಟರಲ್ಲಿ ಮ್ಯಾನೇಜರ್ ಬಂದು ನಿಂತಿದ್ದರು.

"ಆಕೆ ಹುಷಾರಾಗಿ ಕೆಲಸ ಮಾಡ್ಲಿಲ್ಲ ಅಂತ ಹೇಳಿಬಿಡಿ. ನಿಮಗೂ ತೊಂದರೆ ಇರಲ್ಲ."

"ಅವಳ ತಪ್ಪಲ್ಲ ಸಾರ್. ನಿಲ್ಲಿಸಬಾರದು ಅಂದಿದ್ದು ನಾನು. ಪಟ್ಟಿ ಸರಿಹೋಗೋವರೆಗೂ ಇದು ಓಡಲ್ಲ."

"ನೀವು ಯಾರ ಕಡೆಯವರು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ!"

ಅವಳು ಯಂತ್ರದ ಸ್ವಿಚ್ಚಿಗೆ ಅಡ್ಡ ನಿಂತಳು. "ಅದು ಗೊತ್ತಿಲ್ಲ ಸಾರ್. ಆದ್ರೆ ಓಡಿಸಲ್ಲ."

ಯಂತ್ರ ರಿಪೇರಿಯಾಯಿತು. ಅದನ್ನು ನಿಲ್ಲಿಸಿದ್ದಕ್ಕೆ ಅವಳಿಗೆ ನೋಟೀಸು ಬಂತು. ಕೆಲಸದ ಹೆಂಗಸರೇನೂ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ಅವಳು ಕಾಲಿಟ್ಟೊಡನೆ ಹರಟೆ ನಿಲ್ಲುವುದು ಹಾಗೆಯೇ ಮುಂದುವರಿಯಿತು.

ರಜೆಯ ದಿನ ದೊಡ್ಡಕ್ಕನ ಮನೆಗೆ ಹೋದಳು. ದೊಡ್ಡಕ್ಕ ಕಾಲಿನಿಂದಲೇ ಸ್ಟೂಲು ಸರಿಸಿ, "ಕೂತ್ಕೋ" ಎಂದಳು.

"ನಾನು ಈ ಕುರ್ಚಿ ಬಿಟ್ಟು ಮತ್ತೆ ಮಡಚೋ ಮೇಜಿಗೇ ಬರ್ತೀನಕ್ಕ."

"ಬಂದು? ಇನ್ನೊಬ್ಬ ಗುಡುಗಪ್ಪ ಬರ್ತಾನೆ, ಅಷ್ಟೇ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ, ಇದೆ. ಆದ್ರೂ ಬಿಡಬೇಡ."

ರಜೆ ಮುಗಿಸಿ ಅವಳು ಕೆಲಸಕ್ಕೆ ಮರಳಿದ ದಿನ ಒಬ್ಬಾಕೆ ಸರಿಯಾಗಿ ಒಣಗದ ಚಾದರಗಳನ್ನೇ ಕಟ್ಟು ಕಟ್ಟುತ್ತಿದ್ದಳು. ಕೂಗು ಗಂಟಲವರೆಗೂ ಬಂತು. ನುಂಗಿಕೊಂಡಳು. ಬೆಣ್ಣೆ ಹಚ್ಚಿ ಮಾತಾಡುವುದೂ ಅವಳಿಂದಾಗಲಿಲ್ಲ. ಪಕ್ಕಕ್ಕೆ ಹೋಗಿ ನಿಂತು, "ಇದರ ಮೇಲೆ ಕಾಯಿಲೆಯವರು ಮಲಗಬೇಕು. ಬಿಚ್ಚಿ, ಮತ್ತೆ ಒಣಗಿಸೋಣ" ಎಂದಳು. ದನಿ ಒಡಕಾಗಿತ್ತು, ತನ್ನದೇ ಹೌದೋ ಅಲ್ಲವೋ ಎಂಬಂತೆ. ಆಕೆ ಮುಖ ಊದಿಸಿಕೊಂಡು, ಏನೋ ಗೊಣಗುತ್ತ ಗಂಟು ಬಿಚ್ಚತೊಡಗಿದಳು. ಗೊಣಗಿದ್ದು ಅವಳಿಗೆ ಸ್ಪಷ್ಟವಾಗಿಯೇ ಕೇಳಿಸಿತು. ಆದರೂ ಇನ್ನೊಂದು ಕಟ್ಟನ್ನು ತಾನೇ ಎಳೆದುಕೊಂಡು ಬಿಚ್ಚುತ್ತ ನಿಂತಳು.